ಗಾಳಿಗೆ ಇಪ್ಪತ್ತು ನಿಮಿಷ

ಬಸ್ ಡಿಪೋದಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿ ನಿವೃತ್ತನಾದ ಮೇಲೆ ಒಂದು ಹಳೆಯ ಡೀಸೆಲ್ ಪಿಕಪ್ ಕೊಂಡೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದೂವರೆ ಟನ್ ಹೊರಬಲ್ಲ ಗಾಡಿ. ಅದಕ್ಕೆ ಮೊದಲು ಅದು ಕಲ್ಲು ಕ್ವಾರಿಯಲ್ಲಿ ದುಡಿದಿತ್ತು. ಅಲ್ಲಿ ಎಷ್ಟು ಹೇರುತ್ತಿದ್ದರೋ ತಿಳಿಯದು. ನನ್ನ ಕೈಗೆ ಬಂದಾಗ ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಬಾಗುವ ದಿಕ್ಕನ್ನೇ ಮರೆತಿದ್ದವು. ಮೊದಲ ಆರು ತಿಂಗಳಲ್ಲಿ ಎರಡು ಸ್ಪ್ರಿಂಗ್ ಪ್ಲೇಟು, ಒಂದು ಕ್ಲಚ್ ಪ್ಲೇಟು, ಒಂದು ಸೆಲ್ಫ್ ಮೋಟಾರು ಹಾಕಿಸಿದೆ. ಇದಕ್ಕೆ ನಾನು ಸಿದ್ಧನಾಗಿದ್ದೆ. ಹಳೆಯ ಗಾಡಿ ಕೊಳ್ಳುವವನು ಅದರ ಬೆಲೆಯ ಕಾಲು ಭಾಗವನ್ನು ರಿಪೇರಿಗೆಂದು ಬೇರೆ ತೆಗೆದಿಡಬೇಕು. ನಾನು ತೆಗೆದಿಟ್ಟಿದ್ದೆ. ಎಂಜಿನ್ ಕುದಿಯುತ್ತದೆ ಎಂಬುದು ಮಾತ್ರ ನನ್ನ ಲೆಕ್ಕದಲ್ಲಿ ಇರಲಿಲ್ಲ.

ಬಿ.ಜಿ. ಕೆರೆ ಮತ್ತು ಮೊಳಕಾಲ್ಮುರು ಕಡೆಯ ಹಳ್ಳಿಗಳಿಂದ ಶೇಂಗಾ ಚೀಲಗಳನ್ನು ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಒಯ್ಯುವುದು, ಅಲ್ಲಿಂದ ಹಿಂಡಿ ಹೇರಿಕೊಂಡು ಮರಳುವುದು ನಮ್ಮ ಕೆಲಸ. ಡ್ರೈವರ್ ಗೌರಸಮುದ್ರದವನು. ನಲವತ್ತರ ಆಸುಪಾಸು, ಮಾತು ಕಡಿಮೆ. ಅವನ ಮನೆಯಲ್ಲಿ ಅವನದೊಂದೇ ಸಂಬಳ.

ನಾನು ಡಿಪೋದ ಕ್ರಮವನ್ನೇ ಗಾಡಿಗೂ ತಂದೆ. ಬೆಳಿಗ್ಗೆ ಐದೂವರೆಗೆ ಎಂಜಿನ್ ಆಯಿಲ್, ರೇಡಿಯೇಟರ್ ನೀರು, ಬ್ರೇಕ್ ಆಯಿಲ್, ಟೈರು, ದೀಪ ನೋಡಬೇಕು. ಸ್ಟೀರಿಂಗ್ ಪಕ್ಕ ದಾರ ಕಟ್ಟಿ ಒಂದು ಉದ್ದ ಪುಸ್ತಕ ತೂಗುಹಾಕಿದ್ದೆ. ಹೊರಟ ಹೊತ್ತು, ಊರು ದಾಟಿದ ಹೊತ್ತು, ಮುಟ್ಟಿದ ಹೊತ್ತು, ನಡುವೆ ನಿಂತಿದ್ದರೆ ಅದರ ಕಾರಣ, ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಭಾನುವಾರ ನಾನೇ ಬೋರ್‌ವೆಲ್ಲಿನ ಪೈಪು ಹಿಡಿದು ಗಾಡಿ ತೊಳೆಯುತ್ತಿದ್ದೆ. ಮುಂದಿನ ಜಾಲರಿಯ ಮೂಲಕ ರೇಡಿಯೇಟರಿಗೆ ನೀರನ್ನು ರಭಸವಾಗಿ ಬಿಡುತ್ತಿದ್ದೆ. ನನ್ನ ಡಿಪೋ ಮಳೆ ಸೀಮೆಯಲ್ಲಿತ್ತು. ಅಲ್ಲಿ ಬಸ್ಸಿಗೆ ಮೆತ್ತುತ್ತಿದ್ದುದು ಕೆಸರು. ಕೆಸರಿಗೆ ನೀರೇ ಮದ್ದು.

ಒಂದು ದಿನ ಪುಸ್ತಕ ಓದುತ್ತಿದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ವಾರಕ್ಕೆ ಎರಡು ಸಲ, ಗಿರಣಿ ಬಿಟ್ಟ ಹೊತ್ತಿಗೂ ಚಳ್ಳಕೆರೆ ದಾಟಿದ ಹೊತ್ತಿಗೂ ನಡುವೆ ಹದಿನೈದು ಇಪ್ಪತ್ತು ನಿಮಿಷಕ್ಕೆ ಕಾರಣವೇ ಇರಲಿಲ್ಲ. ಡ್ರೈವರನ್ನು ಕೇಳಿದೆ.

"ಪಂಕ್ಚರ್ ಅಂಗಡಿ ಹತ್ರ ನಿಂತಿರ್ತೀನಿ ಸಾರ್."

"ಪಂಕ್ಚರ್ ಆಗಿತ್ತಾ?"

"ಇಲ್ಲ ಸಾರ್. ಸಿಪ್ಪೆ..."

"ಪಂಕ್ಚರ್ ಆಗಿದ್ರೆ ಪುಸ್ತಕದಲ್ಲಿ ಬರಿ. ಆಗಿಲ್ಲ ಅಂದ್ರೆ ಅಲ್ಲಿ ನಿಲ್ಲಿಸಬೇಡ."

ಅವನು ತಲೆಯಾಡಿಸಿದ. ಮರುದಿನದಿಂದ ನಿಲ್ಲಿಸಲಿಲ್ಲ. ಪುಸ್ತಕ ಅಚ್ಚುಕಟ್ಟಾಯಿತು.

ಮೂರನೆಯ ವಾರ, ಹಿಂಡಿ ಹೇರಿಕೊಂಡು ಬರುವಾಗ ತಳಕಿನ ಹತ್ತಿರ ಗಾಡಿ ಕುದಿಯಿತು. ಚಳ್ಳಕೆರೆಯ ಮೇಸ್ತ್ರಿ ಥರ್ಮೋಸ್ಟಾಟ್ ಬದಲಿಸಿದರು. ಎಂಟು ದಿನಕ್ಕೆ ಮತ್ತೆ ಕುದಿಯಿತು. ಈ ಸಲ ವಾಟರ್ ಪಂಪು, ಸಾವಿರದ ನೂರು ರೂಪಾಯಿ. ಮೂರನೆಯ ಸಲ ಕುದಿದಾಗ ಹೆಡ್ ಗ್ಯಾಸ್ಕೆಟ್ಟೇ ಹೋಯಿತು. ಹೆಡ್ ಬಿಚ್ಚಿ, ಮಟ್ಟ ಮಾಡಿಸಿ ಕೂರಿಸುವ ಹೊತ್ತಿಗೆ ಕೂಲಿ ಸೇರಿ ನಾಲ್ಕು ಸಾವಿರ ದಾಟಿತು. ಗಾಡಿ ಆರು ದಿನ ಶೆಡ್ಡಿನಲ್ಲಿ ನಿಂತಿತು.

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ನಕ್ಕರು. "ಡಿಪೋ ಸಾಬ್, ನಿಮ್ಮ ಗಾಡಿಗೆ ಟೈಫಾಯ್ಡ್ ಬಂದೈತೆ. ಜ್ವರ ಇಳಿಯಂಗೇ ಇಲ್ಲ."

"ರೇಡಿಯೇಟರ್ ನೋಡಿದ್ರಾ?"

"ಒಳಗೆ ನೀರು ಸಾಫ್ ಹರೀತೈತೆ. ಮುಂದ್ಗಡೆ ಕನ್ನಡಿ ತರ ತೊಳ್ದಿದ್ದೀರಿ. ಅದ್ರಲ್ಲಿ ಏನೂ ಇಲ್ಲ ಬಿಡಿ."

ಪಕ್ಕದಲ್ಲಿ ನಿಂತಿದ್ದ ಡ್ರೈವರ್ ಬಾಯಿ ತೆರೆದ. "ಒಳಗಡೆ ಅಲ್ಲ ಸಾರ್. ರೇಡಿಯೇಟರ್ ರೆಕ್ಕೆ ಸಂದಿನಾಗೆ ಶೇಂಗಾ ಸಿಪ್ಪೆ ಕೂತೈತೆ. ನೀರಿಗೆ ಹೋಗಲ್ಲ ಅದು."

"ಇಪ್ಪತ್ತೆಂಟು ವರ್ಷ ನೀರಲ್ಲೇ ತೊಳೆಸಿದ್ದೀನಿ ಕಣಪ್ಪ. ನೀನು ಮುಳ್ಳು ನೋಡ್ಕೊಂಡು ಓಡಿಸಿದ್ರೆ ಸಾಕು."

ಅವನು ಮತ್ತೆ ಆ ಮಾತೆತ್ತಲಿಲ್ಲ. ಟೆಂಪರೇಚರ್ ಮುಳ್ಳನ್ನು ಅವನು ನೋಡುತ್ತಿಲ್ಲ, ಏರಿನಲ್ಲಿ ಗೇರ್ ಇಳಿಸದೆ ಎಳೆಸುತ್ತಿದ್ದಾನೆ ಎಂದು ನಾನು ತೀರ್ಮಾನಿಸಿದ್ದೆ. ಡಿಪೋದಲ್ಲಿ ಬಿಡಿಭಾಗಗಳೆಲ್ಲ ಹೊಸದಾದ ಮೇಲೂ ಗಾಡಿ ಕೆಟ್ಟರೆ ಅನುಮಾನಕ್ಕೆ ಉಳಿಯುತ್ತಿದ್ದುದು ಡ್ರೈವರ್ ಒಬ್ಬನೇ. ಇನ್ನೊಂದು ಸಲ ಕುದಿದರೆ ಕೀಲಿ ಕೊಟ್ಟು ಹೋಗಬೇಕಾಗುತ್ತದೆ ಎಂದು ಅಲ್ಲೇ, ಮೇಸ್ತ್ರಿಯ ಎದುರಿನಲ್ಲೇ ಹೇಳಿದೆ.

ಹನ್ನೊಂದನೆಯ ದಿನ ಕುದಿಯಿತು. ಅವನು ರಸ್ತೆ ಬದಿ ನಿಲ್ಲಿಸಿ, ಎಂಜಿನ್ ಆರಿಸಿ, ಎರಡು ಗಂಟೆ ಕಾದು, ನೀರು ತುಂಬಿ, ಗಾಡಿಗೆ ಇನ್ನೊಂದು ಪೆಟ್ಟಾಗದಂತೆ ಮನೆಗೆ ತಂದ. ಪುಸ್ತಕದಲ್ಲಿ ಅಷ್ಟನ್ನೂ ಬರೆದಿದ್ದ. ಕೀಲಿಯನ್ನು ಜಗಲಿಯ ಮೇಲಿಟ್ಟು "ಬರ್ತೀನಿ ಸಾರ್" ಅಂದು ಬಸ್ ನಿಲ್ದಾಣದ ಕಡೆ ನಡೆದ. ನಾನು ತಡೆಯಲಿಲ್ಲ.

ಮರುವಾರ ನಾನೇ ಓಡಿಸಿದೆ. ಗಿರಣಿಯ ಅಂಗಳದಲ್ಲಿ ನನ್ನ ಮುಂದೆ ಒಂಬತ್ತು ಗಾಡಿಗಳಿದ್ದವು. ಅಲ್ಲಿಯ ರೂಢಿ ಎಂದರೆ ಯಾರೂ ಎಂಜಿನ್ ಆರಿಸುವುದಿಲ್ಲ. ಆರಿಸಿದರೆ ಹಿಂದಿನವನು ನುಗ್ಗಿ ಸರದಿ ಹಿಡಿಯುತ್ತಾನೆ. ಸಾಲಿನ ಪಕ್ಕದಲ್ಲೇ ಶೇಂಗಾ ಸುಲಿಯುವ ಯಂತ್ರ ಸಿಪ್ಪೆ ಉಗುಳುತ್ತಿತ್ತು. ಒಂದೂವರೆ ಗಂಟೆ ಆ ಧೂಳಿನೊಳಗೆ, ಫ್ಯಾನು ತಿರುಗುತ್ತಾ, ಗಾಡಿ ಒಂದೊಂದೇ ಮಾರು ಮುಂದೆ ಸರಿಯಿತು. ನಾನು ಕಿಟಕಿಯ ಗಾಜು ಏರಿಸಿಕೊಂಡು ಕುಳಿತಿದ್ದೆ.

ಹಿಂಡಿ ಹೇರಿಕೊಂಡು ಊರು ದಾಟುವ ಮೊದಲೇ ಮುಳ್ಳು ಕೆಂಪು ಗೆರೆಯ ಹತ್ತಿರ ಬಂತು. ನಾನು ಗೇರ್ ಇಳಿಸಿಯೇ ಓಡಿಸುತ್ತಿದ್ದೆ, ಮುಳ್ಳಿನಿಂದ ಕಣ್ಣು ತೆಗೆದಿರಲಿಲ್ಲ. ನೀರು ಬೇಕಿತ್ತು. ಕಂಡ ಅಂಗಡಿಯ ಮುಂದೆ ನಿಲ್ಲಿಸಿದೆ. ಅದು ಆ ಪಂಕ್ಚರ್ ಅಂಗಡಿಯೇ ಆಗಿತ್ತು.

ಅಂಗಡಿಯವನು ಗಾಡಿಯನ್ನು ನೋಡಿದ, ಆಮೇಲೆ ನನ್ನನ್ನು. "ಎಲ್ರೀ ನಮ್ಮ ದೋಸ್ತು? ಎರಡು ತಿಂಗಳಾತು ಈ ಕಡೆ ತಲೆ ಹಾಕಿಲ್ಲ."

"ಅವನು ಇಲ್ಲಿ ಏನು ಮಾಡ್ತಿದ್ದ?"

"ಗಾಳಿ ಹೊಡಿತಿದ್ದ, ಇನ್ನೇನು. ಫ್ಯಾನ್ ಕಡೆಯಿಂದ ಪೈಪ್ ತೂರಿಸಿ ಮುಂದಕ್ಕೆ ಊದೋನು. ಎರಡು ರೂಪಾಯಿ ಇಟ್ಟು ಹೋಗೋನು. ಗಿರಣಿ ಗಾಡಿಗಳೆಲ್ಲ ಹಂಗೇ ಮಾಡ್ತಾವಲ್ಲ ಇಲ್ಲಿ. ನೀವು ಹೊಸಬ್ರಾ?"

ಆ ಎರಡು ರೂಪಾಯಿ ನನ್ನ ಪುಸ್ತಕದಲ್ಲಿ ಎಂದೂ ಬಂದಿರಲಿಲ್ಲ.

ಅವನು ಗಾಳಿಯ ಪೈಪನ್ನು ಒಳಗೆ ತೂರಿಸಿದ. ಏನೂ ಬರಲಿಲ್ಲ. ತಂತಿಯಿಂದ ಮೆಲ್ಲಗೆ ಕೆದಕಿ ನೋಡಿದ. ರೇಡಿಯೇಟರಿನ ತೆಳು ರೆಕ್ಕೆಗಳ ನಡುವಿನಿಂದ ಒಣಗಿದ ಸಗಣಿಯಂಥ ಹಕ್ಕಳೆ ಎದ್ದುಬಂತು. ಸಿಪ್ಪೆಯ ಪುಡಿ ನೀರು ಕುಡಿದು, ಅರೆದಂತಾಗಿ, ಒಣಗಿ ಕುಳಿತಿತ್ತು.

"ಇದಕ್ಕೆ ಯಾವನೋ ನೀರು ಬಿಟ್ಟವ್ನೆ ನೋಡ್ರಿ. ಮುಂದಿಂದ ಹೊಡ್ದು ಹೊಡ್ದು ಒಳಕ್ಕೆ ಜಡ್ದವ್ನೆ. ಯಾವ ಪುಣ್ಯಾತ್ಮನೋ."

"ನಾನೇ," ಅಂದೆ.

ಅವನು ತಂತಿಯನ್ನು ಮತ್ತೆ ರೆಕ್ಕೆಗಳ ನಡುವೆ ತೂರಿಸುತ್ತಾ, "ಹಂಗಾದ್ರೆ ಕೂತ್ಕಳಿ ಸಾರ್, ಹೊತ್ತು ಹಿಡಿತೈತೆ," ಅಂದ.

ನಲವತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ನಾನು ಪುಸ್ತಕ ತಿರುವುತ್ತಿದ್ದೆ. ಪಂಕ್ಚರ್ ಅಂಗಡಿಯ ನಿಲುಗಡೆ ತಪ್ಪಿಸಿದ ದಿನ ಒಂದು ಪುಟದಲ್ಲಿತ್ತು, ಗಾಡಿ ಮೊದಲು ಕುದಿದ ದಿನ ಮೂರು ಪುಟ ಮುಂದಿತ್ತು. ಎರಡೂ ನಾನು ಓದಿ ಸಹಿ ಹಾಕಿದ ಪುಟಗಳು. ಹೊರಟ ಮೇಲೆ ತಳಕಿನವರೆಗೂ ಮುಳ್ಳು ಅರ್ಧದ ಮೇಲೆ ಏರಲಿಲ್ಲ.

ಅಲ್ಲಿಂದ ನೇರ ಮನೆಗೆ ಹೋಗಲಿಲ್ಲ. ಗೌರಸಮುದ್ರಕ್ಕೆ ತಿರುಗಿಸಿದೆ. ಡ್ರೈವರನ ತಾಯಿ ಬಾಗಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಒಳಗೆ ಕೂಗಿದಳು. "ಲೇ, ಬಾರಪ್ಪ. ಕೀಲಿ ಕಸ್ಕಂಡ ಸಾಹೇಬ್ರು ಬಂದವ್ರೆ."

"ಸುಮ್ಕಿರವ್ವ," ಎನ್ನುತ್ತಾ ಅವನು ಹೊರಗೆ ಬಂದ. ಬೆಳಿಗ್ಗೆಯಿಂದ ಯಾರದೋ ಹೊಲದಲ್ಲಿ ಕೂಲಿ ಮಾಡಿ ಬಂದಿದ್ದ. ಕಾಲು ಮೊಣಕಾಲಿನವರೆಗೂ ಮಣ್ಣಾಗಿತ್ತು. ಗಾಡಿಯ ಮುಂದೆ ಬಗ್ಗಿ ಜಾಲರಿಯೊಳಗೆ ನೋಡಿದ. ಆಚೆ ಕಡೆಯ ಬೆಳಕು ಕಾಣುತ್ತಿತ್ತು.

"ಗಾಳಿ ಹೊಡ್ಸಿದ್ದೀರಿ."

"ಹೊಡೆಸಿದೆ. ನೀನು ಹೇಳಿದ್ದು ಸರಿ. ತಪ್ಪು ನನ್ನದು. ನಾಳೆಯಿಂದ ಬರ್ತೀಯಾ?"

ಅವನು ತಾಯಿಯ ಕಡೆ ನೋಡಲಿಲ್ಲ. ಅವಳು ಮೊರ ಆಡಿಸುವುದನ್ನು ನಿಲ್ಲಿಸಿದ್ದಳು.

"ಪುಸ್ತಕದಾಗೆ ಬರೀತೀರಾ ಸಾರ್?"

"ಏನನ್ನು?"

"ಅಲ್ಲಿ ನಿಲ್ಲೋದನ್ನ. ಯಾಕೆ ನಿಂತೆ, ಯಾಕೆ ನಿಂತೆ ಅಂತ ದಿನಾ ಕೇಳಿಸ್ಕಳಕ್ಕೆ ನನ್ ಕೈಲಾಗಲ್ಲ."

ಬಾನೆಟ್ಟಿನ ಮೇಲೆ ಪುಸ್ತಕವಿಟ್ಟು, ಮೊದಲ ಪುಟದಲ್ಲಿದ್ದ ಬೆಳಗಿನ ತಪಾಸಣೆಯ ಪಟ್ಟಿಯ ಕೆಳಗೆ ಬರೆದೆ. ರೇಡಿಯೇಟರಿಗೆ ಗಾಳಿ, ವಾರಕ್ಕೆ ಎರಡು ಸಲ, ಖರ್ಚು ಗಾಡಿಯದು, ಹದಿನೈದು ನಿಮಿಷ. ಅವನು ಬಗ್ಗಿ ಓದಿದ.

"ಭಾನುವಾರದ ಪೈಪು?"

"ಬಿಟ್ಟೆ."

"ಟೈರ್ ತೊಳ್ಕಳಿ ಬೇಕಾದ್ರೆ," ಅಂದ. ಆಮೇಲೆ ಬರೆದ ಸಾಲಿನ ಮೇಲೆ ಬೆರಳಿಟ್ಟ. "ಹದಿನೈದು ಸಾಲಲ್ಲ ಸಾರ್. ಇಪ್ಪತ್ತು ಬರೀರಿ. ಅಂಗಡಿಯವ್ನು ಚಾ ಕುಡಿಯಕ್ಕೂ ಬಿಡಲ್ಲ, ಬರೇ ಮಾತಾಡ್ತಾನೆ."

ಹದಿನೈದನ್ನು ಹೊಡೆದು ಇಪ್ಪತ್ತು ಬರೆದೆ. ಅವನು ಕಾಲು ತೊಳೆದು ಬಂದು ಕೀಲಿಗೆ ಕೈ ಚಾಚಿದ. "ಹಿಂಡಿ ಯಾರ್ದು? ಬಿ.ಜಿ. ಕೆರೇದಾ? ಇವತ್ತೇ ಇಳಿಸಿ ಬರಾಣ, ಹತ್ರಿ."

ನಾನು ಎಡಗಡೆಯ ಸೀಟಿಗೆ ಹೋದೆ. ಏರಿನಲ್ಲಿ ನನ್ನ ಕಣ್ಣು ಮುಳ್ಳಿನ ಮೇಲೆಯೇ ಇತ್ತು. ಅವನು ರಸ್ತೆ ನೋಡಿಕೊಂಡು ಓಡಿಸಿದ.