ಹಮಾದ ಖಾಜಿಯ ಮುದ್ರೆ

ಹಮಾ ಪಟ್ಟಣದ ಖಾಜಿ ಶರಫುದ್ದೀನರ ಕೈಕೆಳಗೆ ನಾನು ಹತ್ತೊಂಬತ್ತು ವರ್ಷ ಬರಹಗಾರನಾಗಿದ್ದೆ. ಅವರು ನೇಕಾರನ ಮಗ. ಕೈರೋದಲ್ಲಿ ಹನ್ನೊಂದು ವರ್ಷ ಓದಿ, ಎರಡು ಕತ್ತೆ ಹೊರುವಷ್ಟು ಪುಸ್ತಕ ತಂದಿದ್ದರು. ಅಲ್ಲಿನ ಊಟದ ಮೇಲಿನ ಸಿಟ್ಟನ್ನೂ ತಂದಿದ್ದರು. ಬೆಳಿಗ್ಗೆ ಮಸೀದಿಯಲ್ಲಿ ಪಾಠ, ಆಮೇಲೆ ನ್ಯಾಯ ತೀರ್ಮಾನ. ಮಹಾ ಮುಂಗೋಪಿ. ಕಣ್ಣಾರೆ ನೋಡದ ಯಾವುದಕ್ಕೂ ಮುದ್ರೆ ಒತ್ತುತ್ತಿರಲಿಲ್ಲ. ಗೋಡೆಯ ಜಗಳವಾದರೆ ಗೋಡೆ ಹತ್ತುತ್ತಿದ್ದರು. ಸತ್ತ ಹೇಸರಗತ್ತೆಯ ವ್ಯಾಜ್ಯ ಬಂದರೆ ಮೂಗು ಮುಚ್ಚಿಕೊಂಡು ಅದರ ಹಲ್ಲು ನೋಡುತ್ತಿದ್ದರು. ನಾನು ಹಿಂದೆ ನಿಂತು ನಗುತ್ತಿದ್ದೆ.

ಹತ್ತೊಂಬತ್ತನೆಯ ವರ್ಷ ಪ್ರಾಂತ್ಯವನ್ನಾಳುವ ಪಾಷಾ, ಸಾಬೂನು ಮಾಡುವ ಜಕರಿಯಾನನ್ನು ಕೋಟೆಯ ಸೆರೆಗೆ ಹಾಕಿಸಿದ. ಸಿಪಾಯಿಗಳು ಅಂಗಡಿ ದೋಚುತ್ತಾರೆಂದು ಅವನು ಪೇಟೆಯಲ್ಲಿ ಕೂಗಾಡಿದ್ದ. ಸೆರೆಯಲ್ಲಿ ಯಾರಾದರೂ ಸತ್ತರೆ ಖಾಜಿ ಹೆಣ ನೋಡಿ, ಗಾಯವಿಲ್ಲವೆಂದು ಬರೆಸಿ ಮುದ್ರೆ ಒತ್ತಬೇಕು. ಇಲ್ಲದಿದ್ದರೆ ಕೊಲೆಯ ದೂರು ಇಸ್ತಾಂಬುಲಿನ ಸುಲ್ತಾನರಿಗೆ ಹೋಗುತ್ತದೆ.

ಒಂದು ಮಧ್ಯಾಹ್ನ ಪಾಷಾನ ಕಾರಭಾರಿ ಸಿನಾನ್ ಆಗಾ ಒಂದು ಕಾಗದ ತಂದ. ಜಕರಿಯಾ ಜ್ವರದಿಂದ ಸತ್ತನೆಂದು ಅದರಲ್ಲಿ ಬರೆದಿತ್ತು. ಆದರೆ ಸ್ವಲ್ಪ ಹೊತ್ತಿಗೆ ಮುಂಚೆ ಅವನ ತಂಗಿ ಸಫಿಯ್ಯಾ, "ಅಣ್ಣ ಕೋಟೆ ಕಿಟಕಿಯಿಂದ ಮಾತಾಡ್ದ, ಸಾರಿಗೆ ಉಪ್ಪು ಕಮ್ಮಿ ಅಂತ ಬೈದ" ಎಂದು ಹೇಳಿ ಹೋಗಿದ್ದಳು.

"ಹೆಣ ಎಲ್ಲಿ?" ಎಂದರು ಖಾಜಿ.

"ನಾಳೆ ನೋಡೀರಂತೆ ಬಿಡಿ. ಮುದ್ರೆ ಇವತ್ತೇ ಒತ್ತಿ."

"ನಾಳೆ ಸಾಯೋನ್ನ ಇವತ್ತೇ ಸಾಯಿಸೋಕೆ ನಾನೇನು ಜೀವ ಒಯ್ಯೋ ದೇವದೂತನೇನಯ್ಯಾ?"

ಸಿನಾನ್ ನಗಲಿಲ್ಲ. "ಸಾಹೇಬ್ರೇ, ಈ ಕಾಗದದಲ್ಲಿ ಇನ್ನೊಂದು ಹೆಸರಿಗೂ ಜಾಗ ಇದೆ" ಎಂದು ಹೇಳಿ ಹೊರಟ.

ಖಾಜಿ ಮುದ್ರೆಯನ್ನು ನನ್ನ ಕೈಗಿಟ್ಟು ಎದ್ದರು.

"ಬೇಡ ಹುಜೂರ್, ಕೋಟೆಗೆ ಹೋದೋರು ವಾಪಸ್ ಬರಲ್ಲ" ಎಂದೆ.

"ಇದು ಅವರ ಕೈಗೆ ಸಿಗಬಾರದು ಲುತ್ಫಿ, ಇಟ್ಕೋ" ಎಂದವರು ಪೇಟೆಯ ನಡುವೆಯೇ ಕೂಗುತ್ತ ಹೋದರು. "ಸತ್ತ ಜಕರಿಯಾನ್ನ ಮಾತಾಡಿಸೋಕೆ ಹೋಗ್ತಿದೀನಿ, ಬರೋರೆಲ್ಲ ಬನ್ರೋ!"

ಅರ್ಧ ಊರೇ ಹಿಂದೆ ಬಂತು. ಕೋಟೆಯ ಕೆಳಗೆ ನಿಂತು ಕೂಗಿದರೆ ಕಿಟಕಿಯಿಂದ ಜಕರಿಯಾ ಓಗೊಟ್ಟ. ಎಲ್ಲರೂ ಕೇಳಿಸಿಕೊಂಡರು. ಇನ್ನು ಅವನು ಜ್ವರ ಬಂದು ಸತ್ತನೆನ್ನುವಂತಿರಲಿಲ್ಲ. ಆಗ ಬಾಗಿಲು ತೆರೆದು, ಪಾಷಾ ಕರೆಯುತ್ತಿದ್ದಾನೆಂದು ಖಾಜಿಯವರನ್ನು ಮಾತ್ರ ಒಳಗೆ ಕರೆದುಕೊಂಡರು.

ಮೂರನೆಯ ದಿನ ಜಕರಿಯಾ ಕುಂಟುತ್ತ ಹೊರಬಂದ. ಖಾಜಿ ಬರಲಿಲ್ಲ.

ನಾಲ್ಕನೆಯ ದಿನ ಸಿನಾನ್ ಬಂದ. ಹೊಸ ಖಾಜಿ ಬರುವವರೆಗೆ ಮುದ್ರೆಯ ಅಧಿಕಾರ ನಿನ್ನದೇ ಎಂದ. ಶರಫುದ್ದೀನರು ಎದೆನೋವಿನಿಂದ ತೀರಿಕೊಂಡರೆಂಬ ಕಾಗದ ಮುಂದಿಟ್ಟ.

"ನೋಡೋದಿದ್ರೆ ಬಾ. ಕೋಟೆ ಬಾಗಿಲು ತೆಗೆದೇ ಇದೆ" ಎಂದ.

ನಾನು ಹೋಗಲಿಲ್ಲ. ಹೆಂಡತಿ ಮಕ್ಕಳ ನೆನಪಾಯಿತೆಂದು ಆಮೇಲೆ ಹೇಳಿಕೊಂಡು ತಿರುಗಿದೆ, ಅದು ಸುಳ್ಳು. ಬರೀ ಹೆದರಿಕೆ. ಮುದ್ರೆ ಒತ್ತಿದೆ.

ಹೆಣ ಮುಖವೂ ಕಾಣದಂತೆ ಹೊಲಿದ ಬಟ್ಟೆಯಲ್ಲಿ ಬಂತು. ಮಣ್ಣು ಮಾಡಿ ಮರಳುವಾಗ ಸಫಿಯ್ಯಾ ದಾರಿಯಲ್ಲಿ ನಿಂತಿದ್ದಳು. ಅತ್ತು ಅತ್ತು ಅವಳ ಮುಖ ಊದಿತ್ತು.

"ಲುತ್ಫಿಯಣ್ಣಾ, ಅವರ ಮುಖ ನೋಡಿದ್ರಾ?"

"ನೋಡಿದೆನಮ್ಮಾ" ಎಂದೆ.