ಐವತ್ತನಾಲ್ಕು ಅಂಕಿಗಳು

ಆ ಬೀದಿಯವರೆಲ್ಲ ಅವಳನ್ನು ರಿಪೇರಿ ಅಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಕಂಪ್ಯೂಟರುಗಳನ್ನು ಬಿಚ್ಚಿ, ಧೂಳು ಊದಿ, ಮತ್ತೆ ಮುಚ್ಚಿ ಅವಳ ಬೆನ್ನು ಬಾಗಿತ್ತು. ಆದರೂ ಸ್ಕ್ರೂ ಬಿಚ್ಚುವ ಕೆಲಸ ಅವಳಿಗೆ ಬೇಸರ ತಂದದ್ದಿಲ್ಲ. ಅವಳನ್ನು ಸುಸ್ತು ಮಾಡುತ್ತಿದ್ದದ್ದು ಆಮೇಲಿನ ಹುಡುಕಾಟ: ಯಾವ ಸಾಫ್ಟ್‌ವೇರಿಗೆ ಯಾವ ಕೀ, ಅಂದರೆ ಅದನ್ನು ಚಾಲೂ ಮಾಡುವ ಅಕ್ಷರ-ಅಂಕಿಗಳ ಸಾಲು, ಅದು ಯಾರ ಹೆಸರಿನಲ್ಲಿದೆ, ಯಾವ ಮರೆತುಹೋದ ಇಮೇಲಿನಲ್ಲಿ ಕೂತಿದೆ. ಗಿರಾಕಿಗಳನ್ನು ಕೇಳಿದರೆ, "ಕೀನಾ? ನಮ್ ಕಂಪ್ಯೂಟರಿಗೆ ಬೀಗಾನೇ ಇಲ್ವಲ್ಲ ಅಕ್ಕ" ಎನ್ನುತ್ತಿದ್ದರು. ಮೊದಮೊದಲು ನಗು ಬರುತ್ತಿತ್ತು. ಈಗ ಅದೂ ಬರುತ್ತಿರಲಿಲ್ಲ.

ಈ ಸಲದ ತಪ್ಪು ಮಾತ್ರ ಅವಳದೇ. ಶಾಲಾ ಸಮವಸ್ತ್ರದ ಬ್ಯಾಡ್ಜುಗಳಿಗೆ ಮೆಷಿನ್ನಿನಲ್ಲಿ ಕಸೂತಿ ಹಾಕುವ ಟೈಲರ್ ಒಬ್ಬರು ಕಂಪ್ಯೂಟರ್ ತಂದಿದ್ದರು. ಅದು ಅವರ ಎರಡನೆಯ ಕಂಪ್ಯೂಟರ್, ಮೊದಲನೆಯದು ಎಂದೋ ಕೆಟ್ಟು ಗುಜರಿ ಸೇರಿತ್ತು. ಇದರ ಹಾರ್ಡ್ ಡಿಸ್ಕ್ ಕರಕರ ಎನ್ನುತ್ತಿತ್ತು. ಅವಳು ಡಿಸೈನುಗಳನ್ನೆಲ್ಲ ಉಳಿಸಿಕೊಂಡು ಹೊಸ ಡಿಸ್ಕ್ ಕೂರಿಸಿದಳು. ಹಳೆಯದು ಇನ್ನೂ ಓಡುತ್ತಿದ್ದಾಗಲೇ ಕಸೂತಿಯ ಸಾಫ್ಟ್‌ವೇರ್ ತೆರೆದು ಲೈಸೆನ್ಸನ್ನು ಅಲ್ಲಿಂದ ಬಿಡಿಸಿಕೊಳ್ಳಬೇಕಿತ್ತು, ಇಲ್ಲದಿದ್ದರೆ ಹೊಸ ಡಿಸ್ಕನ್ನು ಅದು ಇನ್ನೊಂದು ಕಂಪ್ಯೂಟರ್ ಎಂದೇ ಎಣಿಸುತ್ತದೆ. ಆ ದಿನದ ನಾಲ್ಕನೆಯ ಕಂಪ್ಯೂಟರ್ ಅದು, ಮರೆತೇಬಿಟ್ಟಳು. ಮರುದಿನ ಬೆಳಿಗ್ಗೆ, ಡಿಸೈನುಗಳ ಜೊತೆ ಸಿಕ್ಕಿದ್ದ ಕೀ ಹಾಕಿದರೆ, ಈ ಕೀಯ ಮಿತಿ ಮುಗಿದಿದೆ ಎಂದು ಪರದೆ ಹೇಳಿತು. ಹಳೆಯ ಡಿಸ್ಕ್ ಅಷ್ಟರಲ್ಲಿ ಪೂರ್ತಿ ಕಣ್ಣು ಮುಚ್ಚಿತ್ತು.

ಟೈಲರ್ ಬಂದಾಗ ಸುತ್ತಿಬಳಸದೆ ಹೇಳಿದಳು. "ನಿಮ್ ಡಿಸೈನೆಲ್ಲ ಇದೆ, ಆದ್ರೆ ತೆಗೆಯೋಕಾಗ್ತಿಲ್ಲ. ತಪ್ಪು ನಂದೇ."

"ಸೋಮವಾರ ಇನ್ನೂರು ಬ್ಯಾಡ್ಜ್ ಕೊಡ್ಬೇಕಲ್ಲಕ್ಕ," ಎಂದು ಅವರು ಸ್ಟೂಲಿನ ಮೇಲೆ ಕುಸಿದರು. "ಪಕ್ಕದ ಬೀದಿಯವನು ಅದೇನೋ ಕಳ್ಳ ಕೀ ಹಾಕ್ತಾನಂತೆ?"

"ನಾನೂ ಒಂದ್ಸಲ ಹಾಕಿದ್ದೆ. ಅದರ ಜೊತೆ ಬಂದ ವೈರಸ್ಸು ಒಬ್ಬ ಮೇಷ್ಟ್ರು ಹತ್ತು ವರ್ಷ ಬರೆದಿದ್ದನ್ನೆಲ್ಲ ನುಂಗಿ ನೀರು ಕುಡೀತು. ಬೇಡ. ಸಾಫ್ಟ್‌ವೇರ್ ತಗೊಂಡಾಗ ಬಂದ ಡಬ್ಬಿ ಇದ್ರೆ ತನ್ನಿ, ಕೊಂಡಿದ್ದಕ್ಕೆ ಗುರುತು ಬೇಕು. ಕಂಪನಿಯವರನ್ನೇ ಕೇಳೋಣ."

ಡಬ್ಬಿ ಸಿಕ್ಕಿತು. ಟೈಲರ್ ಅವರ ಹೆಂಡತಿ ಅದರಲ್ಲಿ ಗುಂಡಿಗಳನ್ನು ತುಂಬಿಟ್ಟಿದ್ದರು. ಮುಚ್ಚಳಕ್ಕೆ ಅಂಟಿಸಿದ್ದ ಕೀಯ ಚೀಟಿಯಲ್ಲಿ ಅರ್ಧ ಅಕ್ಷರಗಳು ಸವೆದುಹೋಗಿದ್ದವು.

ಕಂಪನಿಗೆ ಫೋನು ಮಾಡಿದಳು. ಪರದೆಯ ಮೇಲಿನ ಐವತ್ತನಾಲ್ಕು ಅಂಕಿ ಓದಿ ಎಂದಿತು ಆ ಕಡೆಯ ಯಂತ್ರದ ದನಿ. ಓದಿದಳು. ಅರ್ಥವಾಗಲಿಲ್ಲ ಎಂದಿತು. ಮತ್ತೆ ಓದಿದಳು, ಮತ್ತೆ ಅದೇ ಮಾತು. ಮೂರನೆಯ ಸಲ ಲೈನೇ ಕಟ್ಟಾಯಿತು. ಅವಳು ಫೋನನ್ನು ಮೇಜಿನ ಮೇಲೆ ಕುಕ್ಕಿ, ಎರಡೂ ಕೈಯಲ್ಲಿ ಹಣೆ ಹಿಡಿದು ಕೂತಳು.

ಅಂಗಡಿಯ ಒಳಕೋಣೆಯಿಂದ ಅವಳ ಅತ್ತೆ ಎದ್ದು ಬಂದರು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. "ಹಾಗೆ ಬಡಬಡ ಅಂದ್ರೆ ಯಾರಿಗೆ ತಿಳಿಯುತ್ತೆ? ಕೊಡು ಇಲ್ಲಿ."

ಕನ್ನಡಕ ಏರಿಸಿ, ಎರಡೆರಡೇ ಅಂಕಿ, ನಡುವೆ ಒಂದು ಉಸಿರು, ಹಾಗೆ ಓದುತ್ತಾ ಹೋದರು. ಯಂತ್ರ ತೆಪ್ಪಗೆ ಎಲ್ಲವನ್ನೂ ಕೇಳಿಸಿಕೊಂಡಿತು. ಆದರೂ ಆಗುವುದಿಲ್ಲ ಎಂದು ಕರೆಯನ್ನು ಮನುಷ್ಯರ ಕಡೆಗೆ ತಿರುಗಿಸಿತು. ಇಪ್ಪತ್ತೈದು ನಿಮಿಷ ಒಂದೇ ಸಂಗೀತ. ಕೊನೆಗೆ ಒಬ್ಬ ಹುಡುಗಿಯ ದನಿ: "ಎರಡು ಕಂಪ್ಯೂಟರಿಗೆ ಮಾತ್ರ ಅನುಮತಿ ಮೇಡಂ. ಎರಡೂ ಆಗಿದೆ. ನಮ್ ಕೈಲಿ ಏನಿಲ್ಲ."

ಅತ್ತೆ ವಾದಕ್ಕೆ ಇಳಿಯಲಿಲ್ಲ. "ಎಷ್ಟೊತ್ತಿಂದ ಹೆಡ್‌ಫೋನ್ ಹಾಕ್ಕೊಂಡಿದೀಯಮ್ಮ? ಕಿವಿ ನೋಯ್ತಿಲ್ವಾ?"

"ಐದು ಗಂಟೆ ಹೊತ್ತಾಯ್ತಜ್ಜಿ," ಎಂದಳು ಹುಡುಗಿ. ದನಿ ಬೇರೆಯಾಗಿತ್ತು. "ಎರಡೂ ಹಳೇವು ಕೆಟ್ಟೋಗಿದ್ಯಾ? ಡಬ್ಬಿ ಮೇಲಿನ ಚೀಟಿ ಫೋಟೋ ಕಳ್ಸಿ. ಸವೆದಿದ್ರೂ ಪರವಾಗಿಲ್ಲ, ಉಳಿದ ಅಕ್ಷರ ತಾಳೆ ನೋಡ್ತೀನಿ. ಮೇಲಿನವರನ್ನ ಕೇಳಿ ಹಳೇದೊಂದನ್ನ ತೆಗೆಸ್ತೀನಿ."

ಮಧ್ಯಾಹ್ನ ಮೂರಕ್ಕೆ ಆ ಹುಡುಗಿಯೇ ತಿರುಗಿ ಫೋನು ಮಾಡಿದಳು. ಅವಳು ಹೇಳಿದ ಸಂಖ್ಯೆಯನ್ನು ಹೊಡೆದದ್ದೇ ತಡ, ಶಾಲೆಯೊಂದರ ಲಾಂಛನ ನೀಲಿ ದಾರದ ಬಣ್ಣದಲ್ಲಿ ಪರದೆ ತುಂಬಿತು. ಟೈಲರ್ ಎದ್ದು ನಿಂತು, "ಬಂತು, ಬಂತು!" ಎಂದು ಕೂಗಿದರು. ರಿಪೇರಿ ಅಕ್ಕನಿಗೆ ಖುಷಿಪಡುವಷ್ಟೂ ತ್ರಾಣ ಉಳಿದಿರಲಿಲ್ಲ. ಲೈಸೆನ್ಸ್ ಬಿಡಿಸಿಕೊಳ್ಳುವ ಬಗೆಯನ್ನು ಒಂದು ಹಾಳೆಯಲ್ಲಿ ಬರೆದು ಅವರ ಕೈಗಿಟ್ಟಳು. "ಇನ್ಮುಂದೆ ಯಾರೇ ಈ ಕಂಪ್ಯೂಟರ್ ಮುಟ್ಟಲಿ, ಮೊದಲು ಇದನ್ನ ಓದ್ಸಿ. ನನ್ನನ್ನೂ ಸೇರಿಸಿ."

"ಒಪ್ಕೊಂಡ್ರಲ್ಲ, ಅದೇ ದೊಡ್ಡದು ಬಿಡಿ," ಎನ್ನುತ್ತಾ ಟೈಲರ್ ಕಂಪ್ಯೂಟರನ್ನು ಎತ್ತಿಕೊಂಡರು.

ಮೇಜಿನ ಮೇಲೆ ಇನ್ನೂ ಎರಡು ಕಂಪ್ಯೂಟರುಗಳು ಬಾಯ್ತೆರೆದು ಕೂತಿದ್ದವು. ಅವಳು ಅವಕ್ಕೆ ಬಟ್ಟೆ ಮುಚ್ಚಿ, ಅಂಗಡಿಯ ಶಟರ್ ಎಳೆದಳು.

"ಇಷ್ಟು ಬೇಗನಾ?" ಎಂದರು ಅತ್ತೆ.

"ಹೂಂ ಅತ್ತೆ. ನಾಳೆ ನೋಡಿದ್ರಾಯ್ತು."