ಅಡ್ಡ ಬಾರದ ನಾಯಿ

ಇವತ್ತು ಮುಂಜಾನೆ ಗಾಡಿಯ ಕನ್ನಡಿ ಒರೆಸಲು ಹೋದೆ. ಒರೆಸಿದಷ್ಟೂ ಮಸುಕಾಯಿತು. ಬಟ್ಟೆಯದೇನೂ ತಪ್ಪಿರಲಿಲ್ಲ, ನನ್ನ ಬೆರಳಿಗೆ ಜೋಳದ ಹಿಟ್ಟು ಅಂಟಿತ್ತು. ಅರವತ್ತೆಂಟು ವರ್ಷದ ಗಂಡಸು, ಮೂರುನೂರೈವತ್ತು ಸಿಸಿಯ ಮೋಟರ್‌ಸೈಕಲ್ಲು, ಕೈತುಂಬ ಹಿಟ್ಟು. ಇವಕ್ಕೆ ಒಂದಕ್ಕೊಂದು ಏನು ಸಂಬಂಧ ಎಂದು ನೀವು ಕೇಳಬಹುದು. ಹೇಳುತ್ತೇನೆ. ಆರು ವರ್ಷ ಬಾಯಿ ಕಟ್ಟಿ ಇಟ್ಟುಕೊಂಡಿದ್ದ ಮಾತು. ಕೇಳಬೇಕಾದವಳು ಮೊದಲು ಕೇಳಿಯಾಗಿದೆ, ಇನ್ನು ನಿಮಗೆ ಹೇಳಲು ಅಡ್ಡಿಯಿಲ್ಲ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಸೀರೆ ವ್ಯಾಪಾರಕ್ಕೆ ಇಳಿದವನು. ವ್ಯಾಪಾರ ಎಂದರೆ ಅಂಗಡಿ ಇಟ್ಟವನಲ್ಲ. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಿಂದ ಸೀರೆ ಎತ್ತಿ ಮುಧೋಳ, ಲೋಕಾಪುರ, ಬೀಳಗಿಯ ಅಂಗಡಿಗಳಿಗೆ ಮುಟ್ಟಿಸುವುದು ನನ್ನ ಕೆಲಸ. ಮೊದಲು ಸೈಕಲ್ಲು, ಆಮೇಲೆ ಮೊಪೆಡ್ಡು. ಮೊಪೆಡ್ಡಿನ ಮುಂದೆ ಕಾಲಿಡುವ ಜಾಗದಲ್ಲಿ ಒಂದು ಗಂಟು, ಹಿಂದೆ ಒಂದು ಗಂಟು, ನಡುವೆ ಮೂರನೆಯ ಗಂಟಿನಂತೆ ನಾನು. ಮೂವತ್ತು ವರ್ಷ ನನ್ನ ಮೊಣಕಾಲುಗಳು ಎದೆಯ ಹತ್ತಿರವೇ ಇದ್ದವು. ಆದ್ದರಿಂದ ಜಮಖಂಡಿಯ ಶೋರೂಮೊಂದರಲ್ಲಿ ಕಾಲು ಮುಂದೆ ಚಾಚಿ ಕೂಡುವ ಗಾಡಿ ಕಂಡಾಗ, ಬೆಲೆ ಕೇಳುವ ಮೊದಲೇ ಅದರ ಮೇಲೆ ಕೂತುಬಿಟ್ಟೆ. ಅಗಲವಾದ ಹ್ಯಾಂಡಲ್ಲು, ಕೊಡದಂಥ ಟ್ಯಾಂಕು, ನೆಲಕ್ಕೆ ಹತ್ತಿರದ ಸೀಟು. ಅಲ್ಲಿಂದ ಮೇಲೇಳಲು ಮನಸ್ಸಾಗಲಿಲ್ಲ. ಇಂಥ ಮೋಟರ್‌ಸೈಕಲ್ಲಿಗೆ ಕ್ರೂಸರ್ ಎನ್ನುತ್ತಾರಂತೆ.

"ಕ್ರೂಸರ್ ತಗೊಂಡೆ" ಎಂದು ಮನೆಗೆ ಫೋನು ಮಾಡಿದೆ. ನಮ್ಮ ಕಡೆ ಕ್ರೂಸರ್ ಎಂದರೆ ಮದುವೆಗೂ ಸಂತೆಗೂ ಹದಿನೈದು ಮಂದಿಯನ್ನು ತುಂಬಿಕೊಂಡು ಹೋಗುವ ಜೀಪು. ನನ್ನ ಹೆಂಡತಿ ನೀಲವ್ವ ಆರತಿ ಹಿಡಿದುಕೊಂಡು, ಓಣಿಯ ನಾಲ್ಕು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬಾಗಿಲಿಗೆ ಬಂದಳು. ಗಾಡಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಇದೇನ್ರಿ, ಆರಾಮ ಕುರ್ಚಿಗೆ ಗಾಲಿ ಹಚ್ಚಿಸ್ಕೊಂಡ ಬಂದೀರಿ" ಎಂದಳು. ಆದರೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು, ಕಾಯಿ ಒಡೆದಳು.

ಅಂಥ ಗಾಡಿಯ ಮೇಲೆ ಕೂತವನಿಗೆ ಏನಾಗುತ್ತದೆ ಎಂದು ಕೂತವನಿಗೇ ಗೊತ್ತು. ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಎದೆ ಮುಂದೆ ಬರುತ್ತದೆ. ಇಂಜಿನ್ನು ದುಗುದುಗು ಎನ್ನುವಾಗ ಚಾದಂಗಡಿಯ ಮಂದಿ ಕಪ್ಪು ಕೆಳಗಿಟ್ಟು ನೋಡುತ್ತಾರೆ. ನಾನು ಕಪ್ಪು ಕನ್ನಡಕ ಕೊಂಡೆ. ಮೀಸೆಗೆ ಬಣ್ಣ ಹಚ್ಚಿಸಿದೆ. ಊರೆಲ್ಲ ನನ್ನನ್ನು ನೋಡುತ್ತಿತ್ತು, ನೋಡದೆ ಉಳಿದವನು ನಾನೊಬ್ಬನೇ. ಆ ಕೊರತೆಯನ್ನೂ ತುಂಬಿಕೊಂಡೆ. ಬಲಗಡೆಯ ಕನ್ನಡಿಯನ್ನು ಸ್ವಲ್ಪ ಒಳಗೆ ತಿರುಗಿಸಿದೆ. ಅದರಲ್ಲಿ ಹಿಂದಿನ ರಸ್ತೆ ಮಾಯವಾಗಿ ನನ್ನ ಮುಖ ಕಾಣಲು ಶುರುವಾಯಿತು.

ಒಂದು ರವಿವಾರ ನೀಲವ್ವನನ್ನು ಹಿಂದೆ ಕೂಡಿಸಿಕೊಂಡು ಗಲಗಲಿಗೆ ಹೊರಟೆ. ಅಲ್ಲಿ ಅವಳ ತಂಗಿಯ ಮನೆ. ಕಬ್ಬಿನ ಸುಗ್ಗಿ. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆ ಸಾಲುಗಟ್ಟಿ ಹೋಗುವ ಕಾಲ. ಅವು ಹೋದ ದಾರಿಯಲ್ಲಿ ಕಬ್ಬು ಉದುರಿರುತ್ತದೆ, ಅದು ನಮ್ಮ ಕಡೆಯ ಎಳೆಯ ಮಗುವಿಗೂ ಗೊತ್ತು. ಮೊಪೆಡ್ಡಿನ ಮೇಲೆ ಮೂವತ್ತು ವರ್ಷ ಅವುಗಳನ್ನು ತಪ್ಪಿಸಿಕೊಂಡು ಓಡಾಡಿದವನು ನಾನು. ಆದರೆ ಅವತ್ತು ಗಾಳಿಗೆ ಮೀಸೆಯ ಒಂದು ತುದಿ ಕೆಳಗಿಳಿದಂತೆ ಕಂಡಿತು. ಕನ್ನಡಿ ನೋಡಿಕೊಂಡು ಒಂದು ಕೈಯಿಂದ ಅದನ್ನು ಏರಿಸುತ್ತಿದ್ದೆ. ಮುಂದಿನ ಗಾಲಿ ಎರಡು ಕಬ್ಬಿನ ಗಳದ ಮೇಲೆ ಏರಿ ಹೊರಳಿತು. ಅಷ್ಟು ಭಾರದ ಗಾಡಿ ಬೀಳುವಾಗ ಒಂದು ಕೈಯ ಮಾತು ಕೇಳುವುದಿಲ್ಲ.

ನನಗೆ ಮೊಣಕೈ ತರಚಿತು. ನೀಲವ್ವ ಬಲಗೈ ಊರಿ ಬಿದ್ದಳು. ಮಣಿಕಟ್ಟು ಮುರಿಯಿತು.

ಹೊಲದಲ್ಲಿ ಕಬ್ಬು ಕಡಿಯುತ್ತಿದ್ದವರು ಓಡಿ ಬಂದರು. "ಏನಾತ್ರಿ ಯಜಮಾನ್ರ?" ಎಂದು ಒಬ್ಬ ಕೇಳಿದ. ಮುರಿದ ಕೈ ಹಿಡಿದುಕೊಂಡು ಕೂತವಳ ಮುಂದೆ ಮೀಸೆಯ ಸಂಗತಿಯನ್ನು ಹೇಗೆ ಹೇಳುವುದು? "ನಾಯಿ ಅಡ್ಡ ಬಂತು" ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ನನ್ನಂಥ ಸವಾರನನ್ನು ಸಾದಾ ನಾಯಿ ಬೀಳಿಸಿತು ಎಂದರೆ ನನ್ನ ಮರ್ಯಾದೆ ಏನಾಗಬೇಕು? ಮುಧೋಳದವನಲ್ಲವೇ, ಊರಿನ ಹೆಸರನ್ನು ಬಳಸಿಕೊಂಡೆ. "ಬಿಳೇದು. ನಮ್ಮ ಮುಧೋಳ ನಾಯಿರಿ. ಬಾಣ ಬಂದ್ಹಂಗ ಬಂದು ಹ್ವಾತು" ಎಂದೆ. ಬೇಟೆ ನಾಯಿ, ಗಾಳಿಯಂಥ ಓಟ. ಅದು ಅಡ್ಡ ಬಂದರೆ ಯಾರಾದರೂ ಬಿದ್ದಾರು. ಎಲ್ಲರೂ ಹೌದೆಂದು ತಲೆಯಾಡಿಸಿದರು.

ನೀಲವ್ವ ನೋವಿನಲ್ಲೇ ಕೇಳಿದಳು: "ಬಿಳೇ ನಾಯೇನ್ರಿ? ಇವತ್ತ ಐತಾರ."

ನಮ್ಮ ಮನೆದೇವರು ಮೈಲಾರಲಿಂಗ. ರವಿವಾರ ಅವನ ವಾರ, ನಾಯಿ ಅವನ ಜೊತೆಗಾರ. ನನ್ನ ಸುಳ್ಳು ಅವಳ ಕಿವಿಗೆ ದೇವರ ಮಾತಾಗಿ ಬಿತ್ತು. ಕೈಯ ಪಟ್ಟಿ ಬಿಚ್ಚಿದ ಮೇಲೆ ಹರಕೆ ಹೊತ್ತಳು: ಪ್ರತಿ ರವಿವಾರ ಐದು ರೊಟ್ಟಿ, ತನ್ನ ಕೈಯಾರೆ ಬಡಿದು, ಓಣಿಯ ನಾಯಿಗಳಿಗೆ ಹಾಕುವುದು. ಜೊತೆಗೆ ಇನ್ನೊಂದು ಮಾತು. ದೇವರ ನಾಯಿ ತಡೆದ ಗಾಡಿಯನ್ನು ಮತ್ತೆ ಹತ್ತುವುದಿಲ್ಲ.

ಆಮೇಲೆ ಗಲಗಲಿಗೆ ಹೋಗುವುದಿದ್ದರೆ ಅವಳು ಬಸ್ಸಿನಲ್ಲಿ ಹೋಗುತ್ತಿದ್ದಳು, ನಾನು ಬಸ್ಸಿನ ಹಿಂದೆ ಗಾಡಿಯಲ್ಲಿ. ಬಸ್ಸಿನ ಹೊಗೆಯೆಲ್ಲ ನನ್ನ ಕಪ್ಪು ಕನ್ನಡಕದ ಮೇಲೆ. ಪ್ರತಿ ನಿಲ್ದಾಣದಲ್ಲೂ ಕಿಟಕಿಯಿಂದ ಕೈ ಹೊರಗೆ ಹಾಕಿ "ಸಾವಕಾಶ ಬರ್ರಿ" ಎನ್ನುವಳು. ಕಂಡಕ್ಟರನೊಬ್ಬ, "ಅಜ್ಜಾರ, ಒಳಗ ಸೀಟ್ ಖಾಲಿ ಅದಾವ್ರಿ, ಜಗಳಾಡೀರೇನು?" ಎಂದು ಕೇಳಿದ್ದ. ನಕ್ಕುಬಿಟ್ಟೆ. ನಗುವುದು ಬಿಟ್ಟು ಬೇರೆ ದಾರಿ ನಾನೇ ಉಳಿಸಿಕೊಂಡಿರಲಿಲ್ಲ.

ಓಣಿಯ ನಾಯಿಗಳಿಗೆ ಕ್ಯಾಲೆಂಡರ್ ಬೇಕಾಗಲಿಲ್ಲ. ರವಿವಾರ ಬೆಳಕಾದರೆ ಕಟ್ಟೆಯ ಮುಂದೆ ಕೂತಿರುತ್ತಿದ್ದವು. ಒಂದು ಕಂದು, ಎರಡು ಕರಿ, ಒಂದು ಕಿವಿ ಹರಿದದ್ದು. ಆರು ವರ್ಷದಲ್ಲಿ ಒಂದು ಮುಧೋಳ ನಾಯಿಯೂ ಆ ಸಾಲಿನಲ್ಲಿ ಬರಲಿಲ್ಲ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುವುದು. ಮೊದಲ ರೊಟ್ಟಿಗೆ ಚುರುಕಾಗಿ, ಐದನೆಯದರ ಹೊತ್ತಿಗೆ ನಿಂತು ನಿಂತು. ನಾನು ಆ ಹೊತ್ತಿಗೆ ಹೊರಗೆ ಗಾಡಿ ಒರೆಸುತ್ತ ಇರುತ್ತಿದ್ದೆ. ಇಷ್ಟು ಹೊಳೆಯುವ ಗಾಡಿ ತಾಲ್ಲೂಕಿನಲ್ಲೇ ಇಲ್ಲ ಎಂದು ನೆರೆಯವರು ಹೊಗಳುತ್ತಿದ್ದರು.

ಈ ಚಳಿಗಾಲದಲ್ಲಿ ಅವಳ ಮಣಿಕಟ್ಟು ಬದನೆಕಾಯಿಯಂತೆ ಊದಿತು. ಜಮಖಂಡಿಯ ಡಾಕ್ಟರು ಒತ್ತಿ ನೋಡಿ, "ಅಮ್ಮಾರ, ರೊಟ್ಟಿ ಬಡಿಯೂದು ಇವತ್ತಿಗೆ ಬಂದ್ ಮಾಡ್ರಿ. ಇಲ್ಲಾಂದ್ರ ಕೈ ಮಡಚಾಕ ಬರಾಂಗಿಲ್ಲ" ಎಂದರು.

"ಮನಿ ರೊಟ್ಟಿ ಸೊಸಿ ಮಾಡ್ತಾಳ್ರಿ. ಐತಾರದ ಐದು ಮಾತ್ರ ಬಿಡಾಕ ಆಗೂದಿಲ್ಲ" ಎಂದಳು ನೀಲವ್ವ. ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಎಲುಬಿನ ಚಿತ್ರ ನೋಡಿದೆ.

ಮುಂದಿನ ರವಿವಾರ ಸಪ್ಪಳ ಮೂರನೆಯ ರೊಟ್ಟಿಗೇ ನಿಂತಿತು. ಕೈಯಲ್ಲಿದ್ದ ಬಟ್ಟೆಯನ್ನು ಬಿಸಾಕಿ ಒಳಗೆ ಹೋದೆ. ಅವಳು ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ಒಲೆಯ ಮುಂದೆ ಕೂತಿದ್ದಳು.

"ನೀಲವ್ವ, ಅವತ್ತ ನಾಯಿ ಬಂದಿರಲಿಲ್ಲ" ಎಂದೆ.

"ಯಾವ ನಾಯಿ?"

"ಬಿಳೇದು. ಗಲಗಲಿ ಹಾದ್ಯಾಗಿಂದು."

"ಮತ್ತೇನ ಬಂದಿತ್ತು?"

"ಏನೂ ಇಲ್ಲ. ಕಬ್ಬ ಬಿದ್ದಿತ್ತು. ನಾ ನೋಡಲಿಲ್ಲ."

"ಮಾರುದ್ದ ಕಬ್ಬು ಕಾಣಲಿಲ್ಲೇನ್ರಿ?"

"ಕನ್ನಡಿ ನೋಡಾಕತ್ತಿದ್ನಿ."

"ಹಿಂದ ಏನರ ಬರಾಕತ್ತಿತ್ತೇನು?"

"ಇಲ್ಲ. ನನ್ನ ಮಾರಿ ನೋಡ್ಕೊಳ್ಳಾಕತ್ತಿದ್ನಿ."

ಅವಳು ನನ್ನ ಮುಖವನ್ನು, ಅದರಲ್ಲಿ ಅಂಥದ್ದೇನಿದೆ ಎಂದು ಹುಡುಕುವವಳಂತೆ, ಬಹಳ ಹೊತ್ತು ನೋಡಿದಳು. "ರೊಟ್ಟಿ ಹೊತ್ತಾಕತ್ತೈತಿ, ತಿರುವ್ರಿ" ಎಂದಳು. ತಿರುವಿದೆ. ಬೆರಳು ಸುಟ್ಟುಕೊಂಡೆ. ಆಮೇಲೆ ಮೆಲ್ಲಗೆ ಮಾತಾಡಿದಳು.

"ಕೈ ಮುರದದ್ದಕ್ಕ ಸಿಟ್ಟಿಲ್ರಿ. ಗಾಡಿ ಮ್ಯಾಲ ಹೋಗವರು ಬೀಳ್ತಾರ. ಆರ ವರ್ಷ ದೇವರ ಮುಂದ ನಿಂತು, ನಂದೇನ್ ತಪ್ಪಾಗೇತಿ ಹೇಳಪಾ ಅಂತ ಕೇಳೀನಿ. ಪಾಪ, ಅಂವ ಏನ್ ಹೇಳಬೇಕು?"

ಮಣಿಕಟ್ಟಿನ ನೋವನ್ನು ನಾನು ಪ್ರತಿ ರವಿವಾರ ಲೆಕ್ಕಕ್ಕೆ ತೆಗೆದುಕೊಂಡಿದ್ದೆ. ಇದು ನನ್ನ ತಲೆಗೇ ಹೊಳೆದಿರಲಿಲ್ಲ. ನನ್ನ ತಪ್ಪನ್ನು ಅವಳು ತನ್ನೊಳಗೆ ಹುಡುಕುತ್ತಿದ್ದಳು.

ಬುಧವಾರದವರೆಗೆ ನನ್ನೊಡನೆ ಮಾತಿಲ್ಲ. "ನಿಮ್ಮ ಮಾವಗ ಹೇಳು, ಚಾ ಆಗೇತಿ" ಎಂದು ಸೊಸೆಗೆ ಹೇಳುವಳು, ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ವಿಚಿತ್ರವೆಂದರೆ ಆ ಮೂರು ರಾತ್ರಿಯೂ ನನಗೆ ಸುಖನಿದ್ದೆ ಬಂತು. ಶನಿವಾರ ಹರಕೆಯ ಮಾತನ್ನು ಅವಳೇ ತೆಗೆದಳು.

"ನಾಳಿ ಐತಾರ."

"ಇನ್ನ ಹರಕಿ ಇಲ್ಲಲ್ಲ?" ಎಂದೆ.

"ದೇವರಿಗೆ ನಾ ಹೇಳ್ತೀನಿ. ನಾಯಿಗೋಳಿಗೆ ಯಾರು ಹೇಳವರು? ಬಂದ ಕೂಡ್ತಾವು. ತಪ್ಪ ನಿಮ್ದು, ರೊಟ್ಟಿ ನೀವ ಬಡೀರಿ."

ಹೀಗೆ ಹಿಟ್ಟು ನನ್ನ ಕೈಗೆ ಬಂತು. ಎಂಥ ಗಾಡಿಯನ್ನೂ ಓಡಿಸಬಹುದು, ಜೋಳದ ರೊಟ್ಟಿ ಬಡಿಯುವುದು ಸುಲಭವಲ್ಲ. ನೀರು ಹೆಚ್ಚಾದರೆ ಅಂಟುತ್ತದೆ, ಕಡಿಮೆಯಾದರೆ ಅಂಚು ಬಿರಿಯುತ್ತದೆ. ನೀಲವ್ವ ಮಣೆಯ ಮೇಲೆ ಕೂತು, ಊದಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ತಿರುಗಿಸ್ಕೋತ ಬಡೀರಿ, ಸೀರಿ ಗಂಟು ಗುದ್ದಿದ್ಹಂಗ ಗುದ್ದಬ್ಯಾಡ್ರಿ" ಎನ್ನುತ್ತಾಳೆ. ಕಿವಿ ಹರಿದ ನಾಯಿ ನನ್ನ ಮೊದಲ ರೊಟ್ಟಿಯನ್ನು ಮೂಸಿ, ಅವಳ ಮುಖ ನೋಡಿ, ಅವಳು ಹೂಂ ಎಂದ ಮೇಲೆ ತಿಂದಿತು.

ಇವತ್ತು ಐದನೆಯ ರವಿವಾರ. ಕೈ ತೊಳೆದುಕೊಂಡು ಬಂದು ಕನ್ನಡಿಯನ್ನು ಮತ್ತೊಮ್ಮೆ ಒರೆಸಿದೆ. ನೀಲವ್ವ ಚೀಲ ಹಿಡಿದು ಹೊರಗೆ ಬಂದಳು. ಕೈಯ ಬಾವು ಸಾಕಷ್ಟು ಇಳಿದಿದೆ.

"ಗಲಗಲಿ ಬಸ್ಸಿಗೆ ಹೊತ್ತಾತೇನು?" ಎಂದು ಕೇಳಿದೆ.

"ಬಸ್ ಯಾಕ? ನಾಯಿ ಬಂದಿರಲಿಲ್ಲ ಅಂದಮ್ಯಾಲ ಗಾಡಿದೇನ್ ತಪ್ಪೈತಿ?" ಎಂದಳು. ನನಗೊಂದು ಹೆಲ್ಮೆಟ್ಟು ಕೊಟ್ಟಳು, ತಾನೊಂದು ಹಾಕಿಕೊಂಡಳು. ಅದರೊಳಗೆ ಮೀಸೆ ಏರಿದ್ದರೇನು, ಇಳಿದಿದ್ದರೇನು. ನನ್ನ ಭುಜ ಹಿಡಿದು ಹಿಂದೆ ಕೂತಳು. ಆರು ವರ್ಷದ ಮೇಲೆ ಗಾಡಿ ಹಿಂದೆ ಒಂದಿಷ್ಟು ಕುಸಿಯಿತು.

"ಮೊದಲ ಕನ್ನಡಿ ತಿರುವ್ರಿ" ಎಂದಳು.

ಹೊರಗೆ ತಿರುಗಿಸಿದೆ. ನನ್ನ ಮುಖ ಜಾರಿ ಹೋಯಿತು. ಅಲ್ಲೀಗ ನಮ್ಮ ಓಣಿ, ರೊಟ್ಟಿ ತಿಂದು ಬಾಲ ಆಡಿಸುವ ನಾಲ್ಕು ನಾಯಿಗಳು, ಅಂಚಿನಲ್ಲಿ ಗಾಳಿಗೆ ಅಲುಗುವ ಅವಳ ಸೆರಗು.